‘ಸರಣಿ ವೈಫಲ್ಯ’ ಸಾಕಾ? ಒಂದು ಕೆಟ್ಟು ಇನ್ನೊಂದನ್ನು ಕೆಡಿಸುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಮನೆಗಳಿಗೆ ಹಂಚಲು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕರೆಂಟು ದಿನಗಟ್ಟಲೆ ಹೋದರೆ ನೀರು, ಫೋನು, ಲಿಫ್ಟು, ಆಸ್ಪತ್ರೆಗಳ ಗತಿ ಏನು ಅಂತ. ಹೀಗೆ ಒಂದು ಕೆಟ್ಟು ಇನ್ನೊಂದನ್ನು ಕೆಡಿಸುವುದಕ್ಕೆ ಇಂಜಿನಿಯರುಗಳು ಕ್ಯಾಸ್ಕೇಡಿಂಗ್ ಫೇಲ್ಯೂರ್ ಅನ್ನುತ್ತಾರೆ. ನಾನು ‘ಸರಣಿ ವೈಫಲ್ಯ’ ಎಂದು ಬರೆದೆ, ಮನಸ್ಸಿಗೆ ಒಪ್ಪಲಿಲ್ಲ.

ಸರಣಿ ಅಂದರೆ ಒಂದಾದ ಮೇಲೆ ಒಂದು, ಅಷ್ಟೇ. ಸರಣಿ ರಜೆ, ಸರಣಿ ಕಳ್ಳತನ ಅನ್ನುತ್ತೇವಲ್ಲ, ಅಲ್ಲಿ ಮೊದಲನೆಯದರಿಂದಲೇ ಎರಡನೆಯದು ಆಗಬೇಕಿಲ್ಲ. ‘ಸರಣಿ ಅಪಘಾತ’ದಲ್ಲಿ ಮಾತ್ರ ಒಂದು ಗಾಡಿ ಇನ್ನೊಂದಕ್ಕೆ ಗುದ್ದಿ, ಅದು ಮತ್ತೊಂದಕ್ಕೆ ಗುದ್ದುವ ಅರ್ಥ ಇದೆ. ಇನ್ನು ವೈಫಲ್ಯ. ಮೋಟಾರು ನಿಂತರೆ ಯಾರೂ ಹಾಗನ್ನುವುದಿಲ್ಲ, ಕೆಟ್ಟಿದೆ, ಕೈಕೊಟ್ಟಿದೆ ಅನ್ನುತ್ತಾರೆ.

ನನಗೆ ಬೇಕಾದ ಅರ್ಥ 2012ರ ಜುಲೈ 30, 31ರಂದು ಉತ್ತರ ಭಾರತದ ಕಡೆ ಕರೆಂಟು ಹೋದಾಗ ಆದದ್ದು. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ವಿದ್ಯುತ್ ಲೈನು ಟ್ರಿಪ್ ಆಯಿತು (ತಾನಾಗಿಯೇ ಕರೆಂಟು ಕಡಿದುಕೊಂಡಿತು), ಅದರ ಹೊರೆ ಬೇರೆ ಲೈನುಗಳ ಮೇಲೆ ಬಿತ್ತು, ತಡೆಯಲಾರದೆ ಅವೂ ಟ್ರಿಪ್ ಆದವು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ (ಕರೆಂಟು ಸಾಗಿಸುವ ಲೈನುಗಳ ಜಾಲ) ಮಲಗಿದವು. ದೆಹಲಿ ಮೆಟ್ರೋ ನಿಂತಿತು, ರೈಲುಗಳು ನಡುದಾರಿಯಲ್ಲಿ ನಿಂತವು, ಪಶ್ಚಿಮ ಬಂಗಾಳದಲ್ಲಿ ಲಿಫ್ಟು ನಿಂತು ಗಣಿ ಕಾರ್ಮಿಕರು ನೆಲದಡಿ ಸಿಕ್ಕಿಕೊಂಡರು. ದಕ್ಷಿಣದ ಗ್ರಿಡ್ ಆಗ ಅವುಗಳ ಜೊತೆ ಒಂದಾಗಿರಲಿಲ್ಲ, ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನಿನಿಂದ ನಾವೂ ಸೇರಿಕೊಂಡೆವು.

ನಮ್ಮದೇ ಉದಾಹರಣೆ ಬೇಕಾದರೆ ಕಾವೇರಿ ನೀರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಮೂರೂ ಕಡೆ ಪಂಪ್ ಮಾಡಿ ಮೇಲೆತ್ತಿದರೆ ಮಾತ್ರ ಅದು ಬೆಂಗಳೂರಿಗೆ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನುಗ್ಗಿತು, ಇಲ್ಲಿ ಮಳೆ ಸುರಿಯುತ್ತಿದ್ದರೂ ಎಷ್ಟೋ ಮನೆಗಳ ನಲ್ಲಿಯಲ್ಲಿ ನೀರಿಲ್ಲ. ಕರೆಂಟು ಹೋದರೂ ಹೀಗೇ ಅಲ್ವಾ?

‘ಸರಪಳಿ ಕುಸಿತ’ ಹೇಗೆ? ಶಾಲೆಯಲ್ಲಿ ಸರಪಳಿ ಕ್ರಿಯೆ ಓದಿದವರಿಗೆ ಸರಪಳಿ ಹೊಸದಲ್ಲ. ಆದರೆ ಕುಸಿಯುವುದು ಸೇತುವೆ, ಬೆಲೆ. ಪಂಪು ಕುಸಿಯುವುದಿಲ್ಲ. ‘ಕೆಡುಕು’ ಎಂದರೆ ಅರ್ಥವೇ ಬೇರೆ. ಕೆಡು–ಕೆಡಿಸು, ಬೀಳು–ಬೀಳಿಸು, ನಿಲ್ಲು–ನಿಲ್ಲಿಸು, ಈ ಜೋಡಿಗಳಲ್ಲಿ ನನಗೆ ಬೇಕಾದದ್ದೆಲ್ಲ ಇದೆ. ‘ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು’ ಎಂಬ ಗಾದೆಯಲ್ಲೂ ಅದೇ ಜೋಡಿ. ಹೆಸರುಪದ ಮಾಡಲು ಹೋದರೆ ಮಾತ್ರ ತೊಡಕು. ಸದ್ಯಕ್ಕೆ ತಲೆಬರಹ ‘ಒಂದು ಕೆಟ್ಟರೆ ಏನೇನು ಕೆಡುತ್ತದೆ’ ಎಂದಿಟ್ಟಿದ್ದೇನೆ.

ನಿಮ್ಮ ಕಡೆ ಲೈನ್‌ಮನ್‌ಗಳು, ನೀರುಗಂಟಿಗಳು ಇದಕ್ಕೆ ಏನಾದರೂ ಮಾತು ಬಳಸುತ್ತಾರಾ? ಇದ್ದರೆ ಊರಿನ ಹೆಸರಿನ ಜೊತೆ ದಯವಿಟ್ಟು ತಿಳಿಸಿ.