ಸ್ವಂತ ಕುರಿಗಳ ಉಣ್ಣೆ: ಟೋಪಿ ಚುಚ್ಚುತ್ತದೆ, ತೊಳೆದ ಮೇಲೆ ಹಿಗ್ಗಿದೆ, ಮಫ್ಲರ್ ಅಂಟಂಟು, ಮೂಲೆಯೂ ಸೊಟ್ಟ

ಚಿಕ್ಕಮಂದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಮಂದೆ. ಈ ಸಲ ಕತ್ತರಿಸಿದ ಉಣ್ಣೆಯನ್ನು ಮಾರಲಿಲ್ಲ. ನಾನೇ ತೊಳೆದು, ಹಿಂಜಿ, ನೂತು ಮನೆಯ ಒಬ್ಬೊಬ್ಬರಿಗೂ ಏನಾದರೊಂದು ಹೆಣೆದು ಕೊಡಬೇಕೆಂಬ ಆಸೆ. ಮಗಳ ಟೋಪಿ, ಮಾವನವರ ಮಫ್ಲರ್ ಮುಗಿದಿವೆ. ನಮ್ಮ ಯಜಮಾನರ ಕೈಗವಸು ಶುರುಮಾಡಬೇಕು. ಅದಕ್ಕೆ ಮೊದಲು ಈ ಎರಡರಲ್ಲಿ ಏನು ತಪ್ಪಿದೆ ಅಂತ ತಿಳಿಯಬೇಕಿದೆ.

ಟೋಪಿ ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಮಗಳು ಹಣೆ ಕೆರೆದುಕೊಳ್ಳುತ್ತಾಳೆ. ಹೆಣೆದಾಗ ಅಳತೆ ಸರಿಯಾಗಿತ್ತು, ಒಂದು ಸಲ ತೊಳೆದಿದ್ದೇ ತಡ ಹಿಗ್ಗಿ ಹುಬ್ಬಿನ ಮೇಲೆ ಜಾರುತ್ತಿದೆ. ಮಫ್ಲರ್ ಕಥೆ ಬೇರೆ. ಮುಟ್ಟಿದರೆ ಕೈಗೆ ಒಂಥರಾ ಅಂಟು, ಒದ್ದೆಯಾದರೆ ಕೊಟ್ಟಿಗೆಯ ವಾಸನೆ, ಸಾಲದ್ದಕ್ಕೆ ಉದ್ದಕ್ಕೂ ಓರೆಯಾಗಿ ಎಳೆದುಕೊಂಡಿದೆ. ಸರಿಪಡಿಸಬಹುದೇ, ಅಥವಾ ಬಿಚ್ಚಿಬಿಡಲೇ?

ಎರಡೆಳೆ

ಬಿಚ್ಚಬೇಡಿ, ಸ್ವಲ್ಪ ತಡೆಯಿರಿ. ಕೆಲವು ವಿಷಯ ತಿಳಿದರೆ ಕಾರಣ ಹಿಡಿಯಬಹುದು. ನೂಲು ಒಂಟಿ ಎಳೆಯೋ, ಎರಡೆಳೆ ಸೇರಿಸಿ ಹುರಿ ಮಾಡಿದ್ದೋ? ಕಡ್ಡಿ ಎಷ್ಟು ಮಿಲಿಮೀಟರಿನದು? ಸ್ಕೇಲಿಗೆ ನೂಲನ್ನು ಪಕ್ಕಪಕ್ಕ, ಎಳೆಯದೆ ಸುತ್ತಿದರೆ ಎರಡೂವರೆ ಸೆಂಟಿಮೀಟರಿನಲ್ಲಿ ಎಷ್ಟು ಸುತ್ತು ಕೂರುತ್ತದೆ? ತಲೆಯ ಸುತ್ತಳತೆ ಎಷ್ಟು, ಟೋಪಿಯದು ಎಷ್ಟಿತ್ತು? ಉಣ್ಣೆ ತೊಳೆದ ನೀರು ಎಷ್ಟು ಬಿಸಿಯಿತ್ತು, ಎಷ್ಟು ಹೊತ್ತು ನೆನೆಸಿದಿರಿ? ಕೊನೆಯದಾಗಿ, ಮುಖ್ಯವಾಗಿ: ಯಾವ ಕುರಿಯ ಉಣ್ಣೆ, ಮೈಯ ಯಾವ ಭಾಗದ್ದು?

ಚಿಕ್ಕಮಂದೆ

ಒಂಟಿ ಎಳೆ. ಟೋಪಿಗೆ 5.5 ಮಿ.ಮೀ. ಕಡ್ಡಿ. ಈಗ ಸುತ್ತಿ ನೋಡಿದೆ, 12 ಸುತ್ತು ಬರುತ್ತದೆ. ಮಗಳ ತಲೆ 52 ಸೆಂ.ಮೀ., ಟೋಪಿಯನ್ನೂ 52ಕ್ಕೇ ಹೆಣೆದಿದ್ದೆ. ತೊಳೆದಿದ್ದು ಕೈಗೆ ಹಿತವಾಗುವಷ್ಟು ಬಿಸಿನೀರಿನಲ್ಲಿ, ಬಟ್ಟೆ ಸೋಪು ಹಾಕಿ. ಫೆಲ್ಟ್ ಆದೀತೆಂಬ, ಅಂದರೆ ಎಳೆಗಳು ಸಿಕ್ಕಿಕೊಂಡು ಗಟ್ಟಿಯಾದೀತೆಂಬ ಭಯಕ್ಕೆ ಹೆಚ್ಚು ಬಿಸಿ ಮಾಡಲಿಲ್ಲ. ರಾತ್ರಿಯಿಡೀ ನೆನೆಯಲು ಬಿಟ್ಟಿದ್ದೆ. ಉಣ್ಣೆ ಎರಡು ಹೆಣ್ಣು ಕುರಿ ಮತ್ತು ಒಂದು ವಯಸ್ಸಾದ ಟಗರಿನದು. ಹಿಕ್ಕೆ ಹತ್ತಿದ ತುದಿಗಳನ್ನು ಕತ್ತರಿಸಿ ತೆಗೆದು ಉಳಿದಿದ್ದನ್ನೆಲ್ಲ ಒಟ್ಟಿಗೆ ಹಿಂಜಿದೆ.

ಕದಿರು

ನಿಮ್ಮ ಉತ್ತರದಲ್ಲೇ ಎಲ್ಲ ಸಿಕ್ಕಿತು. ಒಂದೊಂದಾಗಿ ಹೇಳುತ್ತೇನೆ. ಸುಲಭದ್ದು ಮಫ್ಲರಿನ ಅಂಟು, ಅದರಿಂದ ಶುರುಮಾಡೋಣ.

ಕುರಿಯ ಮೈಜಿಡ್ಡು, ಅಂದರೆ ಲ್ಯಾನೋಲಿನ್, ಹೆಚ್ಚುಕಡಿಮೆ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಕೈಗೆ ಹಿತವಾಗುವ ನೀರು ಅದೇ ಗಡಿಯಲ್ಲಿರುತ್ತದೆ. ಜಿಡ್ಡು ಮೆದುವಾಯಿತು, ಪೂರ್ತಿ ಬಿಡಲಿಲ್ಲ. ನೀರು ರಾತ್ರಿ ತಣ್ಣಗಾದಾಗ ಬಿಟ್ಟಿದ್ದೂ ವಾಪಸ್ಸು ಎಳೆಗೇ ಮೆತ್ತಿಕೊಂಡಿತು. ನೀರು ಗಡಸಾಗಿದ್ದರೆ ಸೋಪು ಸುಣ್ಣದಂಶದ ಜೊತೆ ಸೇರಿ ಇನ್ನೊಂದು ಪದರ ಕಟ್ಟುತ್ತದೆ. ವಾಸನೆ ಉಳಿದುಕೊಳ್ಳುವುದೂ ಆ ಜಿಡ್ಡಿನಲ್ಲೇ.

ಹಸಿ ಉಣ್ಣೆಯನ್ನು 60ರಿಂದ 65 ಡಿಗ್ರಿ ನೀರಿನಲ್ಲಿ ತೊಳೆಯಬೇಕು. ಪಾತ್ರೆ ತೊಳೆಯುವ ದ್ರವ ಸಾಕು. ಉಣ್ಣೆಯನ್ನು ಬಲೆಚೀಲದಲ್ಲಿ ಸಡಿಲವಾಗಿ ತುಂಬಿ, ಮೆಲ್ಲಗೆ ಅದುಮಿ ಮುಳುಗಿಸಿ, 15-20 ನಿಮಿಷ ಬಿಟ್ಟು, ನೀರು ಆರುವ ಮೊದಲೇ ತೆಗೆಯಿರಿ. ಇನ್ನೊಂದು ಸಲ ಹಾಗೆಯೇ. ಆಮೇಲೆ ಬರೀ ನೀರಿನಲ್ಲಿ ಎರಡು ಮೂರು ಸಲ, ಆ ನೀರೂ ಅಷ್ಟೇ ಬಿಸಿ ಇರಲಿ. ನಿಮಗಿದ್ದ ಫೆಲ್ಟ್ ಭಯ ಬಹಳ ಜನಕ್ಕಿದೆ. ಆದರೆ ಬಿಸಿಯೊಂದೇ ಉಣ್ಣೆಯನ್ನು ಫೆಲ್ಟ್ ಮಾಡುವುದಿಲ್ಲ. ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಒದ್ದೆ ಎಳೆಗಳು ಒಂದಕ್ಕೊಂದು ಉಜ್ಜಾಡಿದಾಗ ಅವು ಒಂದೇ ದಿಕ್ಕಿಗೆ ಸರಿದು ಸಿಕ್ಕಿಹಾಕಿಕೊಳ್ಳುತ್ತವೆ. ಬಿಸಿ, ಸೋಪು, ತಾಪಮಾನದ ಏರುಪೇರು ಅದನ್ನು ಜೋರು ಮಾಡುತ್ತವೆ. ಅಲುಗಾಡಿಸದಿದ್ದರೆ, ಮೇಲಿನಿಂದ ನಲ್ಲಿ ಬಿಡದಿದ್ದರೆ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕದಿದ್ದರೆ ಏನೂ ಆಗುವುದಿಲ್ಲ. ವಾಷಿಂಗ್ ಸೋಡಾ ಮಾತ್ರ ಬೇಡವೇ ಬೇಡ, ಕ್ಷಾರ ಉಣ್ಣೆಯನ್ನು ಒರಟು ಮಾಡಿ ಬಲ ಕೆಡಿಸುತ್ತದೆ.

ಹೆಣೆದು ಮುಗಿದ ಮಫ್ಲರನ್ನೂ ಹೀಗೆಯೇ ತೊಳೆಯಬಹುದು. ತೆಗೆಯುವಾಗ ಎರಡೂ ಕೈಯಲ್ಲಿ ಪೂರ್ತಿ ಭಾರ ಹೊತ್ತು ಎತ್ತಿ, ಒಂದು ತುದಿ ಹಿಡಿದು ಎಳೆಯಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹಾಸಿ ನೆರಳಲ್ಲಿ ಒಣಗಿಸಿ. ಅಂಟು, ವಾಸನೆ ಎರಡೂ ಹೋಗುತ್ತವೆ.

ಎರಡೆಳೆ

ಓರೆಯಾಗಿರುವುದಕ್ಕೆ ಕಾರಣ ಒಂಟಿ ಎಳೆ. ನೂತಾಗ ಕೊಟ್ಟ ಹುರಿ ಅದರೊಳಗೆ ಇನ್ನೂ ಜೀವಂತವಾಗಿದೆ. ಒಂದಿಷ್ಟು ನೂಲನ್ನು ಉಯ್ಯಾಲೆಯಂತೆ ಇಳಿಬಿಟ್ಟು ನೋಡಿ: ತನ್ನಷ್ಟಕ್ಕೆ ತಾನೇ ಸುತ್ತಿಕೊಂಡರೆ ಹುರಿ ಬಾಕಿ ಇದೆ ಅಂತ ಅರ್ಥ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದಾಗ ಆ ಹುರಿ ಎಲ್ಲ ಕುಣಿಕೆಗಳನ್ನೂ ಒಂದೇ ಕಡೆಗೆ ವಾಲಿಸುತ್ತದೆ.

ಮುಂದಕ್ಕೆ ಎರಡು ಎಳೆ ಸೇರಿಸಿ, ನೂತ ದಿಕ್ಕಿಗೆ ವಿರುದ್ಧವಾಗಿ ಹುರಿ ಕೊಡಿ. ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ, ನೂಲು ಸವೆಯುವುದೂ ಕಡಿಮೆ. ಒಂಟಿ ಎಳೆಯೇ ಬೇಕಿದ್ದರೆ ಮುಂದೆ-ಹಿಂದೆ ಎರಡೂ ಬದಿ ಸೀದಾ ಬರುವ ಹೆಣಿಗೆಯನ್ನೋ, ಸೀದಾ-ಉಲ್ಟಾ ಕುಣಿಕೆ ಪಕ್ಕಪಕ್ಕ ಬರುವ ರಿಬ್ಬನ್ನೋ ಆರಿಸಿಕೊಳ್ಳಿ, ಅದರಲ್ಲಿ ವಾಲುವಿಕೆ ಸರಿತೂಗುತ್ತದೆ. ಈಗಿರುವ ಮಫ್ಲರನ್ನು ಒದ್ದೆಯಿರುವಾಗ ಚೌಕಕ್ಕೆ ಎಳೆದು ಪಿನ್ ಮಾಡಿ ಒಣಗಿಸಿದರೆ ನೋಟಕ್ಕೆ ನೆಟ್ಟಗಾಗುತ್ತದೆ. ಮುಂದಿನ ಒಗೆತಕ್ಕೆ ಮತ್ತೆ ವಾಲುತ್ತದೆ, ಅಷ್ಟು ತಿಳಿದಿರಲಿ.

ಟೋಪಿ ಹಿಗ್ಗಿದ್ದಕ್ಕೆ ಕಾರಣ ಎರಡು. 12 ಸುತ್ತಿನ ನೂಲಿಗೆ 5.5 ಕಡ್ಡಿ ಬಹಳ ದಪ್ಪ, 4 ಮಿ.ಮೀ. ಸಾಕು. ಅಂಚಿನ ರಿಬ್ಬಿಗೆ 3.25 ಅಥವಾ 3.5. ಸಡಿಲ ಕುಣಿಕೆ ನೀರು ಕುಡಿದು ತನ್ನ ಭಾರಕ್ಕೇ ಇಳಿಯುತ್ತದೆ. ಇನ್ನೊಂದು, ಟೋಪಿಯನ್ನು ತಲೆಯ ಅಳತೆಗೇ ಹೆಣೆಯಬಾರದು, ಹತ್ತರಲ್ಲೊಂದು ಪಾಲು ಕಡಿಮೆ ಇರಬೇಕು. 52ರ ತಲೆಗೆ 47 ಚೆನ್ನಾಗಿ ಕೂರುತ್ತದೆ. ಮೊದಲು ಅಂಗೈಗಿಂತ ಸ್ವಲ್ಪ ದೊಡ್ಡ ಸ್ಯಾಂಪಲ್ ತುಂಡು ಹೆಣೆದು, ಟೋಪಿಯನ್ನು ಹೇಗೆ ತೊಳೆಯುತ್ತೀರೋ ಹಾಗೆಯೇ ತೊಳೆದು, ಒಣಗಿದ ಮೇಲೆ 10 ಸೆಂ.ಮೀ.ಗೆ ಎಷ್ಟು ಕುಣಿಕೆ ಅಂತ ಎಣಿಸಿ. ಕಡ್ಡಿಯ ಮೇಲಿರುವಾಗ ಎಣಿಸಿದ ಲೆಕ್ಕ ಕೈಯಲ್ಲಿ ನೂತ ನೂಲಿನ ಮಟ್ಟಿಗೆ ನಂಬುವಂಥದ್ದಲ್ಲ.

ಹಳದಿಗೊಂಡೆ

ಚುಚ್ಚುವುದಕ್ಕೆ ಸುಲಭದ ಉಪಾಯ ಇದೆ. ತಲೆಗೂದಲಿನ ಕಂಡೀಷನರ್ ಹಾಕಿ ನೆನೆಸಿ ಅಕ್ಕಾ, ಮೆತ್ತಗಾಗುತ್ತದೆ. ವಿನೆಗರ್ ಕೂಡ ಕೆಲಸ ಮಾಡುತ್ತದೆ.

ಕದಿರು

ಸೋಪಿನ ಕ್ಷಾರ ಉಳಿದು ಒರಟಾಗಿದ್ದರೆ ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕುವುದು ಒಳ್ಳೆಯದೇ, ಉಣ್ಣೆಗೆ ಸ್ವಲ್ಪ ಹುಳಿ ನೀರು ಹಿತ. ಕಂಡೀಷನರ್ ಎಳೆಯ ಮೇಲೆ ನುಣುಪು ಪದರ ಕೊಡುತ್ತದೆ, ಒಗೆದಂತೆ ಹೋಗುತ್ತದೆ. ಆದರೆ ಈ ಟೋಪಿಯ ತೊಂದರೆ ಎಳೆಯ ದಪ್ಪದ್ದು. ಅದನ್ನು ಯಾವ ದ್ರವವೂ ಸಣ್ಣ ಮಾಡುವುದಿಲ್ಲ.

ಸುಮಾರು 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪಗಿರುವ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಒಳಗಿನ ನರ ಅದನ್ನು ಚುಚ್ಚಿದಂತೆ ಗ್ರಹಿಸುತ್ತದೆ. ಬಹಳ ಸಲ ಜನ ಉಣ್ಣೆ ಅಲರ್ಜಿ ಅನ್ನುವುದು ಇದನ್ನೇ. ನೂರಕ್ಕೆ ಐದು ಎಳೆ ಹಾಗೆ ದಪ್ಪಗಿದ್ದರೂ ಸಾಕು, ಉಳಿದ ತೊಂಬತ್ತೈದು ಮೆತ್ತಗಿದ್ದೂ ಬಟ್ಟೆ ಚುಚ್ಚುತ್ತದೆ. ನೀವು ಟಗರಿನ ಉಣ್ಣೆಯನ್ನೂ, ತೊಡೆಯ ಉಣ್ಣೆಯನ್ನೂ ಉಳಿದಿದ್ದರ ಜೊತೆ ಹಿಂಜಿದ್ದೀರಿ. ಹಾಗಾಗಿ ಒಳ್ಳೆಯ ಎಳೆಗಳ ಮೆದುತನ ನಿಮಗೆ ದಕ್ಕಲಿಲ್ಲ. ನಿಮ್ಮ ಕುರಿಗಳ ಉಣ್ಣೆ ಕೆಟ್ಟದ್ದು ಅಂತ ದಯವಿಟ್ಟು ತೀರ್ಮಾನಿಸಬೇಡಿ.

ಒಂದೇ ಕುರಿಯ ತುಪ್ಪಟದಲ್ಲೂ ಭಾಗಕ್ಕೊಂದು ಗುಣ. ಹೆಗಲಿನದು ಸಾಮಾನ್ಯವಾಗಿ ಎಲ್ಲಕ್ಕಿಂತ ನಯ, ಪಕ್ಕೆಯದು ಅದರ ನಂತರ, ತೊಡೆಯದು ಎಲ್ಲಕ್ಕಿಂತ ಒರಟು. ಹೊಟ್ಟೆಯದು ಗಿಡ್ಡ, ಸಿಕ್ಕುಸಿಕ್ಕು. ಬೆನ್ನಿನ ಮೇಲಿನದು ಬಿಸಿಲು-ಮಳೆಗೆ ತುದಿ ಒಣಗಿ ಮುರಿಯುತ್ತದೆ. ವಯಸ್ಸಾದಂತೆ ಎಳೆ ದಪ್ಪವಾಗುತ್ತದೆ. ಮರಿಯ ಮೊದಲ ಕತ್ತರಿಕೆಯ ಎಳೆಗೆ ತುದಿ ಸಹಜವಾಗಿ ಕಿರಿದಾಗುತ್ತ ಸಣ್ಣಗಾಗಿ ಬಾಗುವಂತಿರುತ್ತದೆ, ಹಿಂದೆ ಕತ್ತರಿ ತಾಗದ್ದರಿಂದ. ಮಕ್ಕಳ ಹಣೆಗೆ, ಕುತ್ತಿಗೆಗೆ ಅದಕ್ಕಿಂತ ಮಿಗಿಲಾದ್ದಿಲ್ಲ.

ಹಾಗೆಯೇ ಮನುಷ್ಯರ ಮೈಯೂ ಒಂದೇ ಸಮ ಇಲ್ಲ. ಕುತ್ತಿಗೆ, ಹಣೆ ಬಹಳ ಸೂಕ್ಷ್ಮ. ಅಂಗೈಗೆ ಈ ಚುಚ್ಚು ಬಹುಮಟ್ಟಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಯಾರಿಗೆ ಏನು ಹೆಣೆಯಬೇಕೆಂಬುದನ್ನು ಕಡ್ಡಿ ಹಿಡಿದಾಗಲ್ಲ, ತುಪ್ಪಟ ಹಾಸಿ ಕೂತಾಗ ತೀರ್ಮಾನಿಸಬೇಕು. ಹೆಗಲು ಟೋಪಿಗೆ, ಮಫ್ಲರಿಗೆ, ಪಕ್ಕೆ ಕಾಲುಚೀಲಕ್ಕೆ, ಸ್ವೆಟರಿಗೆ, ಟಗರಿನದು ಕೈಗವಸಿಗೆ. ಒರಟು ಉಣ್ಣೆಯ ಕೈಗವಸು ಸಣ್ಣ ಕಡ್ಡಿಯಲ್ಲಿ ಒತ್ತಾಗಿ ಹೆಣೆದರೆ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತದೆ. ಸಂದೇಹವಿದ್ದರೆ ತೊಳೆದ ಉಣ್ಣೆಯ ಒಂದು ಗುಂಪನ್ನು ದವಡೆಯ ಕೆಳಗೆ ಕುತ್ತಿಗೆಗೆ ಸ್ವಲ್ಪ ಹೊತ್ತು ಒತ್ತಿಟ್ಟುಕೊಂಡು ನೋಡಿ. ಕೈಬೆರಳು ಮೆತ್ತಗಿದೆ ಅಂದದ್ದನ್ನು ಕುತ್ತಿಗೆ ಎಷ್ಟೋ ಸಲ ಒಪ್ಪುವುದಿಲ್ಲ.

ಚಿಕ್ಕಮಂದೆ

ಅರ್ಥವಾಯಿತು. ಹಾಗಾದರೆ ಟೋಪಿ? ಬಿಸಿನೀರಿನಲ್ಲಿ ಉಜ್ಜಿ ಕುಗ್ಗಿಸಿದರೆ ಅಳತೆಯಾದರೂ ಸರಿಹೋದೀತಾ?

ಎರಡೆಳೆ

ಅಳತೆ ಕುಗ್ಗುತ್ತದೆ, ಆದರೆ ಅಗಲಕ್ಕಿಂತ ಎತ್ತರವೇ ಹೆಚ್ಚು ಕುಗ್ಗುವುದು ರೂಢಿ. ಕಿವಿ ಮುಚ್ಚದ ಟೋಪಿಯಾದೀತು, ಚುಚ್ಚುವುದಂತೂ ಹಾಗೆಯೇ ಉಳಿಯುತ್ತದೆ. ಒಮ್ಮೆ ಫೆಲ್ಟ್ ಆದರೆ ಬಿಚ್ಚಲೂ ಬರುವುದಿಲ್ಲ. ನನ್ನ ಮಾತು ಕೇಳಿದರೆ ಟೋಪಿಯೊಂದನ್ನು ಬಿಚ್ಚಿ. ನೂಲನ್ನು ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಬಿಸಿನೀರಿನಲ್ಲಿ ನೆನೆಸಿ ನೇತುಹಾಕಿದರೆ ಸುರುಳಿ ಹೋಗುತ್ತದೆ. ಎರಡೆಳೆ ಮಾಡಿ ಅದನ್ನೇ ನಿಮ್ಮ ಯಜಮಾನರ ಕೈಗವಸಿಗೆ ಹಾಕಿ, ಹೊಸ ಉಣ್ಣೆ ನೂಲಬೇಕಾಗಿಲ್ಲ. ಮಗಳಿಗೆ ಅದೇ ಟೋಪಿ ಇಷ್ಟವಾಗಿದ್ದರೆ ಒಳ ಅಂಚಿಗೆ ಮೆತ್ತನೆಯ ಹತ್ತಿ ಹೊಸೈರಿ ಬಟ್ಟೆಯ ಪಟ್ಟಿ ಹೊಲಿಯಿರಿ. ಪಟ್ಟಿಯನ್ನು 47ಕ್ಕೇ ಕತ್ತರಿಸಿ, ಟೋಪಿಯ ಅಂಚನ್ನು ಅದಕ್ಕೆ ನೆರಿಗೆ ಕೂರಿಸಿದರೆ ಹಿಗ್ಗಿದ್ದೂ ಹಿಡಿತಕ್ಕೆ ಬರುತ್ತದೆ.

ಬಿಳಿಟಗರು

ಕುರಿ ಸಾಕುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ. ಒದ್ದೆ ಕುರಿಯ ಉಣ್ಣೆ ಕತ್ತರಿಸಬೇಡಿ, ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಕತ್ತರಿಸುವಾಗ ಒಂದೇ ಜಾಗಕ್ಕೆ ಎರಡನೇ ಸಲ ಕತ್ತರಿ ಹಾಕಿದರೆ ಗಿಡ್ಡ ತುಣುಕು ಬೀಳುತ್ತದೆ. ಅದು ನೂಲಿನಲ್ಲಿ ಗಂಟಾಗಿ, ಹೆಣೆದ ಮೇಲೆ ಮೇಲ್ಮೈಯಲ್ಲಿ ಉಂಡೆ ಕಟ್ಟುತ್ತದೆ. ತುಪ್ಪಟವನ್ನು ಒಳಮೈ ಕೆಳಗಾಗಿ ಜಾಲರಿಯ ಮೇಲೆ ಹಾಸಿ ಒದರಿದರೆ ಬಹಳಷ್ಟು ಕೆಳಗೆ ಉದುರುತ್ತದೆ. ಮೇವನ್ನು ಕುರಿಗಳ ತಲೆಯ ಮೇಲಿಂದ ಎಸೆಯಬೇಡಿ, ಕತ್ತಿನ ಉಣ್ಣೆಗೆ ಸೇರಿದ ಹುಲ್ಲಿನ ಚೂರು ಹಿಂಜಿದಷ್ಟೂ ಪುಡಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಗುರುತಿಗೆ ಪೇಂಟ್ ಬಳಿಯುವವರಿದ್ದಾರೆ, ಆ ಬಣ್ಣ ತೊಳೆದರೂ ಬಿಡುವುದಿಲ್ಲ. ಕಿವಿಗೆ ಬಿಲ್ಲೆ ಹಾಕುವುದು ಮೇಲು.

ನೂಲುವ ಮೊದಲು ಒಂದು ಎಳೆಗುಂಪಿನ ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಜಗ್ಗಿ. ಟಿಣ್ ಅಂದರೆ ಗಟ್ಟಿ. ಚರಚರ ಅಂದು ನಡುವೆ ಕಡಿದರೆ ಕುರಿ ಯಾವಾಗಲೋ ಜ್ವರ ಬಿದ್ದಿದೆ, ಇಲ್ಲವೇ ಮರಿ ಹಾಕುವ ಹೊತ್ತಿಗೆ ಮೇವು ಸಾಲದೆ ಸೊರಗಿದೆ. ಆ ಉಣ್ಣೆ ನೂಲಿಗೆ ಬೇಡ. ಮುಂದಿನ ಸಲ ಗಬ್ಬದ ಕುರಿಗಳ ಮೇವಿನ ಕಡೆ ಗಮನ ಕೊಡಿ.

ಚಿಕ್ಕಮಂದೆ

ಎಲ್ಲರಿಗೂ ಧನ್ಯವಾದ. ಮಫ್ಲರನ್ನು 60 ಡಿಗ್ರಿಯಲ್ಲಿ ತೊಳೆದೆ, ನೀರು ಚಹಾದ ಬಣ್ಣಕ್ಕೆ ಬಂತು. ಅಂಟು ಹೋಗಿದೆ, ಓರೆ ಇದೆ, ಮಾವನವರಿಗೆ ಅದೇನೂ ಅಡ್ಡಿಯಿಲ್ಲವಂತೆ. ಟೋಪಿ ಬಿಚ್ಚಿ ಎರಡೆಳೆ ಮಾಡುತ್ತಿದ್ದೇನೆ. ಇನ್ನೊಂದೇ ಪ್ರಶ್ನೆ: ಈಗ ಬೇರೆ ಮಾಡಿಟ್ಟ ತೊಳೆಯದ ಉಣ್ಣೆಯನ್ನು ಚಳಿಗಾಲದವರೆಗೆ ಹಾಗೆಯೇ ಇಡಬಹುದಾ?

ಕದಿರು

ಇಡಬೇಡಿ. ಹಳೆಯ ಜಿಡ್ಡು ಗಟ್ಟಿಯಾಗಿ ತೊಳೆಯುವುದು ಕಷ್ಟವಾಗುತ್ತದೆ. ನುಸಿಯ ಮರಿಹುಳುಗಳಿಗೂ ಬೆವರು, ಕೊಳೆ ಇರುವ ಉಣ್ಣೆಯೇ ಹೆಚ್ಚು ಇಷ್ಟ. ಈಗಲೇ ತೊಳೆದು, ಪೂರ್ತಿ ಒಣಗಿಸಿ, ನೇಯ್ಗೆ ಒತ್ತಾಗಿರುವ ಹತ್ತಿ ಚೀಲದಲ್ಲಿ ಕುರಿ ಯಾವುದು, ಭಾಗ ಯಾವುದು ಅಂತ ಚೀಟಿ ಬರೆದು ಕಟ್ಟಿಡಿ. ಆಗಾಗ ಬಿಚ್ಚಿ ಕೊಡವಿ ಬಿಸಿಲು ತೋರಿಸಿ. ಹುಳು ಕಂಡರೆ ಚೀಲ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ಸುತ್ತಿದ್ದನ್ನು ಕೋಣೆಯ ಬಿಸಿಗೆ ಬಂದ ನಂತರವೇ ಬಿಚ್ಚಿ. ತೊಡೆಯ ಉಣ್ಣೆ ಬೇರೆ ಚೀಲದಲ್ಲಿರಲಿ, ಚಪ್ಪಲಿಯೊಳಗೆ ಹಾಕುವ ಫೆಲ್ಟ್ ಅಟ್ಟೆಗೆ ಅದು ಸಾಕು.