ಒಂಬತ್ತು ಪೆಟ್ಟಿಗೆ, ಒಂದು ಚೀಲ

ನಮ್ಮ ಮನೆ ಗುಂಪಿನಲ್ಲಿ ಡಾಕ್ಟರುಗಳೇ ಜಾಸ್ತಿ. ದೊಡ್ಡಪ್ಪ ಫಿಸಿಷಿಯನ್, ಈಗ ನಿವೃತ್ತ. ಚಿಕ್ಕಪ್ಪ ಸರ್ಜನ್. ತಂಗಿ ಪೆಥಾಲಜಿ ಪಿಜಿ ಓದುತ್ತಿದ್ದಾಳೆ. ದೊಡ್ಡಪ್ಪ ಚಿಕ್ಕ ಮನೆಗೆ ಹೋಗುವವರಿದ್ದಾರೆ. ಸದ್ಯ ಮಗನ ಮನೆಯಲ್ಲಿ ಕೂತಿದ್ದಾರೆ. ಹಳೆ ಮನೆಯ ಕಪಾಟು ಖಾಲಿ ಮಾಡುವ ಕೆಲಸ ಅತ್ತೆಯ ತಲೆಗೆ ಬಿದ್ದಿದೆ. ನಿನ್ನೆ ಬೆಳಿಗ್ಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಸುಮ್ನೆ ಹಾಕಿದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ದೊಡ್ಡಪ್ಪ: (ಫಾರ್ವರ್ಡ್) ಮೂವರು ಡಾಕ್ಟರು, ಒಂದು ಲೈಬ್ರರಿ! ಹೆಸರಾಂತ ಫಿಸಿಷಿಯನ್ ಆಸ್ಲರ್ ಅವರ ಶಿಷ್ಯ ಹಾರ್ವಿ ಕುಶಿಂಗ್, 1934ರಲ್ಲಿ ಗೆಳೆಯರಾದ ಕ್ಲೆಬ್ಸ್ ಮತ್ತು ಫುಲ್ಟನ್ ಅವರಿಗೆ ಕಾಗದ ಬರೆದರು. ನಮ್ಮ ಮೂವರ ಹಳೆ ವೈದ್ಯಕೀಯ ಪುಸ್ತಕಗಳನ್ನೂ ಒಂದೇ ಕಡೆ ಸೇರಿಸೋಣ ಎಂದರು. ಅದೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯಕೀಯ ಇತಿಹಾಸದ ಲೈಬ್ರರಿಯಾಯಿತು. ತಪ್ಪದೆ ಓದಿ, ಹಂಚಿ.

ಚಿಕ್ಕಪ್ಪ: ಮೊದಲ ಸಾಲೇ ತಪ್ಪು. ಕುಶಿಂಗ್ ಸರ್ಜನ್. ಕಲಿತದ್ದು ಸರ್ಜನ್ ಹಾಲ್‌ಸ್ಟೆಡ್ ಕೈಕೆಳಗೆ. ಫಿಸಿಷಿಯನ್ನುಗಳು ಒಳ್ಳೆಯವರನ್ನೆಲ್ಲ ತಮ್ಮ ಕಡೆ ಎಳೆದುಕೊಳ್ಳುತ್ತೀರಿ.

ದೊಡ್ಡಪ್ಪ: ಶಿಷ್ಯ ಅಲ್ಲ, ಒಪ್ಪಿದೆ. ಪಕ್ಕದ ಮನೆಯವನು. ಬಾಲ್ಟಿಮೋರಿನಲ್ಲಿ ಆಸ್ಲರ್ ಮನೆಗೆ ಅಂಟಿಕೊಂಡಂತೆ ಅವನ ಮನೆ. ಆಸ್ಲರ್ ಆ ಮನೆಯಲ್ಲಿದ್ದ ಹುಡುಗರ ಕೈಗೆ ತನ್ನ ಮನೆ ಬಾಗಿಲಿನ ಕೀಲಿಯನ್ನೇ ಕೊಟ್ಟಿದ್ದ. ಬೇಕಾದಾಗ ಬಂದು ಓದಿಕೊಂಡು ಹೋಗಿ ಅಂತ. ಶಿಷ್ಯರಿಗೂ ಅಷ್ಟು ಕೊಡುವುದಿಲ್ಲ ಕಣೋ.

ತಂಗಿ: ಕುಶಿಂಗ್ ಸಿಂಡ್ರೋಮ್ ಅನ್ನೋ ಕಾಯಿಲೆಯ ಕುಶಿಂಗಾ?! ಹಾಗಾದರೆ ಕ್ಲೆಬ್ಸ್ ಅಂದರೆ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೆ ಹೆಸರು ಬಂದವನಾ?

ದೊಡ್ಡಪ್ಪ: ಅದು ಅಪ್ಪನ ಹೆಸರು, ಎಡ್ವಿನ್. ಇವನು ಮಗ ಆರ್ನಾಲ್ಡ್. ಕ್ಷಯದ ಡಾಕ್ಟರು. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಸರೋವರದ ದಂಡೆಗೆ ಹೋಗಿ ಕೂತ. ಅಚ್ಚು ಶುರುವಾದ ಹೊಸತರಲ್ಲಿ ಬಂದ ಪುಸ್ತಕಗಳ ಪಟ್ಟಿ ಮಾಡುವುದೇ ಅವನ ಕೆಲಸವಾಯಿತು. ಫುಲ್ಟನ್ ಇಬ್ಬರಿಗಿಂತ ಮೂವತ್ತು ವರ್ಷ ಚಿಕ್ಕವನು, ಯೇಲ್‌ನಲ್ಲಿ ಫಿಸಿಯಾಲಜಿ ಪ್ರೊಫೆಸರ್. ಮೂವರೂ ವರ್ಷಗಟ್ಟಲೆ ಬರೆದುಕೊಂಡರು. ಆ ಕಾಗದಗಳು 1959ರಲ್ಲಿ ಅಚ್ಚಾದವು.

ಅತ್ತೆ: ಕಥೆ ಚೆನ್ನಾಗಿದೆ. ನಿನ್ನ ಪುಸ್ತಕ ಒಂಬತ್ತು ಪೆಟ್ಟಿಗೆ ಆಗುತ್ತೆ. ಹೊಸ ಮನೆಯಲ್ಲಿ ಜಾಗ ಎಲ್ಲಿದೆ ಅಂತ ಅದನ್ನು ಮೊದಲು ಹೇಳು.

(ಇದೇ ನಿಜವಾದ ಜಗಳ. ಫಾರ್ವರ್ಡ್ ಬರೀ ನೆಪ.)

ಚಿಕ್ಕಪ್ಪ: ಹಂಚಿಬಿಡು ಅಣ್ಣ. ಒಬ್ಬೊಬ್ಬರಿಗೆ ಹತ್ತು ಹತ್ತು. ಒಂದೇ ಕಡೆ ಗುಡ್ಡೆ ಹಾಕುವುದು ಪ್ರೀತಿ ಅಲ್ಲ, ದುರಾಸೆ. ಮನುಷ್ಯನ ದೇಹದ ರಚನೆ ಬಗ್ಗೆ ವೆಸೇಲಿಯಸ್ ಬರೆದ ಒಂದೇ ಪುಸ್ತಕದ ಎಷ್ಟೋ ಪ್ರತಿ ಆಸ್ಲರ್ ಕೊಂಡಿದ್ದನಂತೆ?

ದೊಡ್ಡಪ್ಪ: ಕೊಂಡು ಬೇರೆ ಬೇರೆ ಲೈಬ್ರರಿಗಳಿಗೆ ಕೊಟ್ಟ. ಅದನ್ನೂ ಹೇಳು.

ಚಿಕ್ಕಪ್ಪ: ನೋಡು, ಅವನೂ ಹಂಚಿದ! ನಾನು ಹೇಳುವುದೂ ಅದೇ. ವೆಸೇಲಿಯಸ್ 1543ರ ಪುಸ್ತಕಕ್ಕೆ ಕೆತ್ತಿಸಿದ ಮರದ ಅಚ್ಚುಗಳು ಮ್ಯೂನಿಕ್‌ನಲ್ಲಿ ಇದ್ದವು. 1934ರಲ್ಲಿ ಅವುಗಳಿಂದಲೇ ಮತ್ತೆ ಚಿತ್ರ ಅಚ್ಚು ಹಾಕಿದರು, ನಾಲ್ಕು ಶತಮಾನದ ಹತ್ತಿರ ಹತ್ತಿರ ಆದಮೇಲೆ. ಹತ್ತು ವರ್ಷವೂ ಬಾಳಲಿಲ್ಲವೋ ಏನೋ, ಎರಡನೇ ಮಹಾಯುದ್ಧದ ಬಾಂಬಿಗೆ ಅಷ್ಟೂ ಸುಟ್ಟವು. ಎಲ್ಲ ಒಂದೇ ಕಡೆ ಇದ್ದುದಕ್ಕೆ ಒಂದೇ ಏಟಿಗೆ ಹೋದವು.

ತಂಗಿ: ಚಿಕ್ಕಪ್ಪನ ಕಡೆ ಇನ್ನೊಂದು ಪಾಯಿಂಟ್. ಸರ್ವೆಟಸ್ ಅಂತ ಒಬ್ಬ ಡಾಕ್ಟರು. ರಕ್ತ ಶ್ವಾಸಕೋಶದ ಮೂಲಕ ಹೋಗುತ್ತೆ ಅಂತ ಧರ್ಮದ ಪುಸ್ತಕದಲ್ಲಿ ಬರೆದ. 1553ರಲ್ಲಿ ಜಿನೀವಾದಲ್ಲಿ ಧರ್ಮವಿರೋಧಿ ಅಂತ ಅವನನ್ನೇ ಸುಟ್ಟರು. ಪುಸ್ತಕ ಉಳಿದದ್ದು ಮೂರೇ ಪ್ರತಿ: ವಿಯೆನ್ನಾ, ಪ್ಯಾರಿಸ್, ಎಡಿನ್‌ಬರೋ. ಮೂರೂ ಒಂದೇ ಊರಿನಲ್ಲಿ ಇದ್ದಿದ್ದರೆ?

ದೊಡ್ಡಪ್ಪ ಅರ್ಧ ಗಂಟೆ ಸುಮ್ಮನಿದ್ದರು. ಟೈಪಿಂಗ್ ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು. ಅವರು ಒಂದೇ ಬೆರಳಿನಲ್ಲಿ ಒತ್ತುವವರು.

ದೊಡ್ಡಪ್ಪ: ಪುಸ್ತಕ ಎಲ್ಲಾದರೂ ಉಳಿಯುತ್ತದೆ, ಸರಿ. ಆದರೆ ಇದನ್ನು ಯಾರು, ಯಾಕೆ ಕೊಂಡರು ಅನ್ನುವುದು ಹಂಚಿದ ಮೇಲೆ ಉಳಿಯುವುದಿಲ್ಲ. ಆಸ್ಲರ್ ತನ್ನ ಏಳೂವರೆ ಸಾವಿರಕ್ಕೂ ಮೀರಿದ ಪುಸ್ತಕಗಳಿಗೆ ಪಟ್ಟಿ ಮಾಡುತ್ತಾ ಕೂತ. ಬರೀ ಹೆಸರು ವರ್ಷ ಅಲ್ಲ. ಇದು ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಎಲ್ಲ ಬರೆದ. 1919ರಲ್ಲಿ ಸತ್ತ, ಪಟ್ಟಿ ಅರ್ಧದಲ್ಲೇ ಇತ್ತು. ಉಳಿದವರು ಮುಗಿಸಿ ಅಚ್ಚು ಹಾಕುವ ಹೊತ್ತಿಗೆ 1929. ಹತ್ತು ವರ್ಷ! ಪುಸ್ತಕಗಳು ಕೆನಡಾದ ಮೆಕ್‌ಗಿಲ್‌ಗೆ ಹೋದವು, ಅವನು ಓದಿದ ಜಾಗಕ್ಕೆ. ಅವನ ಚಿತಾಭಸ್ಮವೂ ಅಲ್ಲೇ, ಪುಸ್ತಕಗಳ ನಡುವೆ.

ಅತ್ತೆ: ಹಾಗಾದರೆ ನಿನಗೂ ಕಪಾಟಿನಲ್ಲೇ ಒಂದು ಜಾಗ ಬಿಡಬೇಕಾ?

ತಂಗಿ: ಅತ್ತೆ! ಬಿಡ್ತು ಅನ್ನಿ!

ಅತ್ತೆ: ಬಿಡ್ತು ಬಿಡ್ತು. ಆದರೂ ಕೇಳುತ್ತೇನೆ, ಆ ಪುಸ್ತಕ ಓದಿ ಇವತ್ತು ಯಾರಿಗಾದರೂ ಜ್ವರ ಬಿಡುತ್ತಾ?

ಚಿಕ್ಕಪ್ಪ: ಇದಕ್ಕೆ ನಾನೇ ಉತ್ತರ ಹೇಳುತ್ತೇನೆ ಅಕ್ಕ. ಬಿಡಲ್ಲ. ವೆಸೇಲಿಯಸ್ 28 ವರ್ಷಕ್ಕೆ ಆ ಪುಸ್ತಕ ತಂದ. ಹಳೆ ಕಾಲದ ಗ್ರೀಕ್ ವೈದ್ಯ ಗೇಲನ್ ಕೊಯ್ದಿದ್ದು ಕೋತಿ, ಹಂದಿ. ಅದನ್ನೇ ಮನುಷ್ಯನ ದೇಹ ಅಂತ ಸಾವಿರದ ಮುನ್ನೂರು ವರ್ಷ ಎಲ್ಲರೂ ಪಾಠ ಹೇಳಿದರು. ಇವನು ತಾನೇ ಕತ್ತಿ ಹಿಡಿದು ನೋಡಿದ. ನನಗೆ ಆ ಧೈರ್ಯ ಇಷ್ಟ. ಪುಸ್ತಕದ ಧೂಳು ಇಷ್ಟ ಇಲ್ಲ. ಸ್ಕ್ಯಾನ್ ಮಾಡಿದ್ದು ನೆಟ್‌ನಲ್ಲಿ ಸಿಗುತ್ತೆ, ಸಾಕು.

ನಾನು: ದೊಡ್ಡಪ್ಪ, ನಿಮ್ಮ ಪುಸ್ತಕಗಳಿಗೆ ಪಟ್ಟಿ ಇದೆಯಾ?

ದೊಡ್ಡಪ್ಪ: ಇಲ್ಲ. ಕಾಗದಗಳಿವೆ.

ನಾನು: ಯಾವ ಕಾಗದ?

ದೊಡ್ಡಪ್ಪ: ನನ್ನ ಜೊತೆ ಹೌಸ್ ಸರ್ಜನ್ಸಿ ಮಾಡಿದ ಗೆಳೆಯ ಇದ್ದನಲ್ಲ. ಇಪ್ಪತ್ತಾರು ವರ್ಷ ಬರೆದ. ರೋಗಿಗಳ ಬಗ್ಗೆ ಒಂದು ಸಾಲು, ಉಳಿದದ್ದೆಲ್ಲ ಹಳೆ ಪುಸ್ತಕ. ರಕ್ತ ದೇಹದಲ್ಲಿ ಸುತ್ತುತ್ತೆ ಅಂತ ತೋರಿಸಿದ ವಿಲಿಯಂ ಹಾರ್ವೆ ಬಗ್ಗೆ ಮೂರು ತಿಂಗಳು ಜಗಳ ಆಡಿದ್ದೇವೆ. ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಲೆಕ್ಕ ಹಾರ್ವೆ ತೀರಾ ಕಮ್ಮಿ ಹಿಡಿದಿದ್ದ. ಲೆಕ್ಕ ತಪ್ಪಿದರೂ ಉತ್ತರ ಸರಿ ಬಂತು! ಅಷ್ಟು ಕಮ್ಮಿ ಹಿಡಿದರೂ ಅರ್ಧ ಗಂಟೆಯಲ್ಲಿ ಹೊರಬರುವ ರಕ್ತ ಇಡೀ ದೇಹದಲ್ಲಿ ಇರುವುದಕ್ಕಿಂತ ಜಾಸ್ತಿ ಆಗುತ್ತೆ, ಹಾಗಾಗಿ ಅದು ಸುತ್ತಿ ಬರಲೇಬೇಕು. ಇದು ಅದೃಷ್ಟ ಅಂತ ಅವನು, ಬೇಕೆಂದೇ ಕಮ್ಮಿ ಹಿಡಿದ ಅಂತ ನಾನು.

ಚಿಕ್ಕಪ್ಪ: ಇದನ್ನು ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ.

ದೊಡ್ಡಪ್ಪ: ನೀನು ಕೇಳಲಿಲ್ಲ.

ತಂಗಿ: ಆ ಕಾಗದಗಳು ಈಗ ಎಲ್ಲಿವೆ?

ದೊಡ್ಡಪ್ಪ: ಪುಸ್ತಕಗಳ ಒಳಗೇ. ಯಾವ ಪುಸ್ತಕದ ಬಗ್ಗೆ ಬರೆದಿದ್ದನೋ ಅದರಲ್ಲೇ, ಅದೇ ಪುಟದಲ್ಲಿ ಇಟ್ಟಿದ್ದೇನೆ.

ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ.

ಅತ್ತೆ: ಅಣ್ಣ, ಬೈಬೇಡ. ಒಂದೊಂದು ಪುಸ್ತಕವನ್ನೂ ತಲೆಕೆಳಗೆ ಹಿಡಿದು ಧೂಳು ಕೊಡವಿ ಪೆಟ್ಟಿಗೆಗೆ ಹಾಕಿದೆ. ಉದುರಿದ ಕಾಗದವನ್ನೆಲ್ಲ ಒಂದು ಚೀಲಕ್ಕೆ ತುಂಬಿದ್ದೇನೆ.

ದೊಡ್ಡಪ್ಪ: ಬಿಸಾಡಿಲ್ಲ ತಾನೇ?

ಅತ್ತೆ: ಇಲ್ಲ. ಇಲ್ಲೇ ಇದೆ. ಆದರೆ ಯಾವುದು ಯಾವ ಪುಸ್ತಕದ್ದು ಅಂತ ನನಗೇನು ಗೊತ್ತು?

ದೊಡ್ಡಪ್ಪ: ಓದಿದರೆ ಗೊತ್ತಾಗುತ್ತೆ.

ಚಿಕ್ಕಪ್ಪ: ಭಾನುವಾರ ನನಗೆ ಡ್ಯೂಟಿ ಇಲ್ಲ. ಪೆಟ್ಟಿಗೆಗಳನ್ನು ಕಟ್ಟಬೇಡ ಅಕ್ಕ, ಬಿಚ್ಚಿಡು.