ಗಂಡ ಬೆಂಗಳೂರಲ್ಲಿ ಡಿವೋರ್ಸ್ ಕೇಸ್ ಹಾಕಿದ್ದಾನೆ, ತಂಗಿ ಶಿವಮೊಗ್ಗದಲ್ಲಿದ್ದಾಳೆ: ವಕೀಲರು, ಜೀವನಾಂಶ, ಮಗು?

ತುಂಗಾತೀರ (ಪ್ರಶ್ನೆ)

ತಂಗಿಗೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಹಿಂದೂ ವಿವಾಹ ಕಾಯ್ದೆ ಕಲಂ 13ರ ಅರ್ಜಿ, ಕಾರಣ ಕ್ರೌರ್ಯ ಅಂತ ಹಾಕಿದ್ದಾರೆ. ಹಾಜರಾಗಲು ಇನ್ನು 18 ದಿನ ಇದೆ. ಅವಳು ಒಂದೂವರೆ ವರ್ಷದಿಂದ ಶಿವಮೊಗ್ಗದ ತವರಲ್ಲಿದ್ದಾಳೆ. ಆರು ವರ್ಷದ ಮಗಳು ಅವಳ ಜೊತೆಗೇ ಇದ್ದು ಇಲ್ಲೇ ಒಂದನೇ ಕ್ಲಾಸಿಗೆ ಹೋಗ್ತಾಳೆ. ತಂಗಿಗೆ ದುಡಿಮೆ ಇಲ್ಲ, ಗಂಡನಿಗೆ ಖಾಸಗಿ ಕಂಪನಿ ಸಂಬಳ.

ಸರ್ಕಾರಿ ವಕೀಲರು ಸಿಗ್ತಾರಾ? ಬೆಂಗಳೂರಿಗೆ ಅಲೆಯದೆ ಜೀವನಾಂಶ ಕೇಳಬಹುದಾ? ಐದು ವರ್ಷ ದಾಟಿದ ಮಗು ಅಪ್ಪನಿಗೇ ಅಂತಾರಲ್ಲ, ನಿಜವಾ? ಇನ್ನೊಂದು, ಅವರ ಕಡೆ ಹಿರಿಯರು "ಇಬ್ಬರೂ ಒಪ್ಪಿ ಬೇರೆ ಇದ್ದೇವೆ ಅಂತ ಛಾಪಾ ಕಾಗದದಲ್ಲಿ ಬರೆದುಕೊಡಿ, ಒಂದಿಷ್ಟು ದುಡ್ಡು ಕೊಡಿಸ್ತೀವಿ" ಅಂತಿದ್ದಾರೆ.

ಕಪ್ಪುಕೋಟು

ಕೊನೆಯದರಿಂದ ಶುರು ಮಾಡ್ತೀನಿ. ಆ ಕಾಗದಕ್ಕೆ ಸಹಿ ಹಾಕಿಸಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144(4) (ಹಳೇ ಸಿಆರ್‌ಪಿಸಿ 125(4)) ಪ್ರಕಾರ ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಆ ಕಲಂನಡಿ ಜೀವನಾಂಶ ಇಲ್ಲ. ಹಿರಿಯರು ಹೇಳಿದ ಒಕ್ಕಣೆ ಸರಿಯಾಗಿ ಆ ಬಲೆಗೇ ಬೀಳುತ್ತೆ. ಅಷ್ಟಾದರೂ ಆ ಕಾಗದದಿಂದ ಮದುವೆಯೇನೂ ಮುರಿಯುವುದಿಲ್ಲ.

ಇನ್ನು ವಕೀಲರು. ಸರ್ಕಾರಿ ವಕೀಲರು ಅಂದರೆ ಸರ್ಕಾರದ ಪರ ವಾದಿಸುವವರು. ನಿಮಗೆ ಬೇಕಾದವರು ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಯಾರಾದರೂ ಆದಾಯ ಪ್ರಮಾಣಪತ್ರ ತನ್ನಿ ಅಂತ ವಾಪಸ್ ಕಳಿಸಿದರೆ ಈ ಕಲಂ ಹೇಳಿ. ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಬೆಂಗಳೂರಿನ ಕೇಸಿಗೂ ಅವರೇ ಮುಂದಕ್ಕೆ ಕಳಿಸ್ತಾರೆ. ಒಂದು ವಾರದೊಳಗೆ ತೀರ್ಮಾನ ಆಗಬೇಕು ಅಂತ ನಿಯಮ ಇದೆ. ಸಮನ್ಸ್, ಅದರ ಜೊತೆ ಬಂದ ಅರ್ಜಿಯ ಎಲ್ಲ ಪುಟ, ಆಧಾರ್, ಮಗುವಿನ ಜನನ ಪ್ರಮಾಣಪತ್ರ ಒಯ್ಯಿರಿ. ಸಹಾಯವಾಣಿ 15100. ವಕೀಲರ ಫೀಸು, ಕೋರ್ಟ್ ಶುಲ್ಕ ಎರಡೂ ಇದರಲ್ಲೇ ಬರುತ್ತೆ. ಟೈಪಿಂಗ್‌ಗೆ, ನಕಲಿಗೆ ಅಂತ ಯಾರಾದರೂ ಕೈ ಚಾಚಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ.

ಏನೇ ಆಗಲಿ, 18 ದಿನದ ತಾರೀಖು ಮಾತ್ರ ತಪ್ಪಬಾರದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಕಲಂ 13ರ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಅದಕ್ಕೆ ಕೋರ್ಟಿನ ಅನುಮತಿ ಬೇಕು. ಹಾಗಾಗಿ ವಕಾಲತ್ತಿನ (ಇವರೇ ನನ್ನ ವಕೀಲರು ಅಂತ ಸಹಿ ಮಾಡಿಕೊಡುವ ಪತ್ರ) ಜೊತೆ ಅನುಮತಿ ಅರ್ಜಿಯನ್ನೂ ಹಾಕ್ತಾರೆ. ವಕೀಲರು ಗೊತ್ತಾಗದಿದ್ದರೂ ತಂಗಿ ಖುದ್ದಾಗಿ ಹೋಗಿ "ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಬೇಕು" ಅಂದರೆ ಸಾಕು. ಯಾರೂ ಹೋಗದಿದ್ದರೆ ಏಕಪಕ್ಷೀಯ ಅಂತ ಬರೆದು ಕೇಸ್ ಮುಂದೆ ಹೋಗುತ್ತೆ. ಏಕಪಕ್ಷೀಯ ಡಿಕ್ರಿ ಆಗಿಬಿಟ್ಟರೆ ರದ್ದು ಮಾಡಿಸಲು ಕಾಲಾವಕಾಶ 30 ದಿನ, ಅದಕ್ಕೂ ಸರಿಯಾದ ಕಾರಣ ತೋರಿಸಬೇಕು.

ಹಳೇಫೈಲು

ಜೀವನಾಂಶಕ್ಕೆ ಡಿವೋರ್ಸ್ ಮುಗಿಯುವ ತನಕ ಕಾಯುವುದೇ ದೊಡ್ಡ ತಪ್ಪು. ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ (ನವೆಂಬರ್ 2020) ಸುಪ್ರೀಂ ಕೋರ್ಟ್ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಬೇಕು ಎಂದಿದೆ. ಅಂದರೆ ನೀವು ತಡ ಮಾಡಿದ ತಿಂಗಳುಗಳ ಹಣ ಹೋದ ಹಾಗೇ.

ದಾರಿ ಎರಡಿವೆ. ಮೇಲೆ ಹೇಳಿದ ಸುರಕ್ಷಾ ಸಂಹಿತೆಯ ಕಲಂ 144ರ ಅರ್ಜಿಯನ್ನು ಹೆಂಡತಿ ವಾಸ ಇರುವ ಊರಲ್ಲೇ ಹಾಕಬಹುದು, ಅಂದರೆ ಶಿವಮೊಗ್ಗದಲ್ಲೇ. ಅದರಲ್ಲಿ ತಂಗಿಗೆ ಬೇರೆ, ಮಗಳಿಗೆ ಬೇರೆ ಮೊತ್ತ ಕೇಳಿ. ಎರಡೂ ಸೇರಿಸಿ ಒಂದೇ ಅಂಕಿ ಬರೆದರೆ ಮುಂದೆ ತಾಯಿಯ ಹಕ್ಕಿಗೆ ತಕರಾರು ಬಂದಾಗ ಮಗುವಿನ ಪಾಲೂ ಅದರೊಳಗೆ ಸಿಕ್ಕಿಕೊಳ್ಳುತ್ತೆ. ಇನ್ನೊಂದು ದಾರಿ ಬೆಂಗಳೂರಿನ ಅದೇ ಕೇಸಿನಲ್ಲಿ ವಿವಾಹ ಕಾಯ್ದೆ ಕಲಂ 24ರ ಮಧ್ಯಂತರ ಅರ್ಜಿ. ಅದರಲ್ಲಿ ಮಾಸಿಕ ಹಣದ ಜೊತೆ ಕೇಸಿನ ಖರ್ಚನ್ನೂ ಕೇಳಬಹುದು, ಓಡಾಟದ ಖರ್ಚು ಸೇರಿ. ಮಧ್ಯಂತರ ಅರ್ಜಿ ನೋಟಿಸ್ ಜಾರಿಯಾದ 60 ದಿನದಲ್ಲಿ ಇತ್ಯರ್ಥ ಆಗಬೇಕು ಅಂತ ಎರಡೂ ಕಾಯ್ದೆಯಲ್ಲಿ ಬರೆದಿದೆ, ನಡೆಯೋದು ಬೇರೆ ವೇಗದಲ್ಲಿ. ಎರಡನ್ನೂ ಹಾಕಿದರೆ ಒಂದರ ವಿಷಯ ಇನ್ನೊಂದರಲ್ಲಿ ಹೇಳಲೇಬೇಕು. ಒಂದರಲ್ಲಿ ಬಂದ ಹಣವನ್ನು ಇನ್ನೊಂದರ ಮೊತ್ತದಿಂದ ಕಳೀತಾರೆ.

ಮೊತ್ತ ನಿರ್ಧಾರ ಆಗೋದು ಆಸ್ತಿ-ಹೊಣೆಗಾರಿಕೆಯ ಅಫಿಡವಿಟ್ ಮೇಲೆ. ಅದೇ ತೀರ್ಪಿನಲ್ಲಿ ನಮೂನೆ ಕೊಟ್ಟಿದ್ದಾರೆ, ಇಬ್ಬರೂ ತುಂಬಬೇಕು. ಬಹಳ ಜನ ಖರ್ಚಿನ ಕಾಲಂಗೆ ದುಂಡಗಿನ ಅಂಕಿ ಹಾಕಿ ಪೆಟ್ಟು ತಿಂತಾರೆ. ಶಾಲಾ ಫೀಸು, ವ್ಯಾನು, ಔಷಧಿ, ಬಾಡಿಗೆ ಅಂತ ಬಿಡಿಬಿಡಿಯಾಗಿ ಬರೆದು ರಸೀದಿ ಲಗತ್ತಿಸಿ. ತಂಗಿ ಟ್ಯೂಷನ್‌ನಿಂದ ಎರಡು ಸಾವಿರ ದುಡಿದರೂ ಬರೆಯಲಿ. ಮುಚ್ಚಿಟ್ಟದ್ದು ಪಾಟೀ ಸವಾಲಿನಲ್ಲಿ ಹೊರಬಿದ್ದರೆ ಉಳಿದ ಮಾತೂ ನಂಬಿಕೆ ಕಳಕೊಳ್ಳುತ್ತೆ. ಗಂಡ ಸಂಬಳ ಕಡಿಮೆ ತೋರಿಸಿದರೆ ಫಾರಂ 16 (ಸಂಬಳ, ತೆರಿಗೆ ಕಡಿತದ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ), ಸಂಬಳದ ಖಾತೆಯ ಸ್ಟೇಟ್‌ಮೆಂಟ್ ಹಾಜರುಪಡಿಸಲು ಅರ್ಜಿ ಹಾಕಿಸಿ. ಕಂಪನಿಯಿಂದ ದಾಖಲೆ ತರಿಸಲೂ ಕೇಳಬಹುದು. ಸಾಲದ ಕಂತು ಕಟ್ಟಿ ಕೈಗೇನೂ ಉಳಿಯಲ್ಲ ಅನ್ನೋದು ಮಾಮೂಲಿ ವಾದ. ಆ ಕಂತು ಯಾವ ಆಸ್ತಿಗೆ, ಯಾವ ತಿಂಗಳಿಂದ ಅಂತ ಕೇಳಿದರೆ ಎಷ್ಟೋ ಸಲ ಬಣ್ಣ ಬಯಲಾಗುತ್ತೆ.

ಮಲೆನಾಡ್_ಮೇಡಂ

ಐದು ವರ್ಷದ ಮಾತು ಅರ್ಧ ಮಾತ್ರ ನಿಜ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ (1956) ಕಲಂ 6, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅನ್ನುತ್ತೆ. ಐದು ತುಂಬಿದ ದಿನ ಅಪ್ಪನ ಮನೆಗೆ ಕಳಿಸಿ ಅಂತ ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ ಕಲಂ 13ರ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಒಂದೂವರೆ ವರ್ಷ ಒಂದೇ ಮನೆ, ಒಂದೇ ಶಾಲೆ ಅನ್ನೋದು ಒಳ್ಳೆ ಅಂಶ. ಶಾಲೆಯ ಹಾಜರಾತಿ, ಲಸಿಕೆ ಕಾರ್ಡು, ಫೀಸು ಯಾರು ಕಟ್ಟಿದ್ದು, ಪೋಷಕರ ಸಭೆಗೆ ಯಾರು ಹೋದದ್ದು, ಇವನ್ನೆಲ್ಲ ಈಗಲೇ ಜೋಡಿಸಿ.

ಪಾಲಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿಗೆ ಬರಬೇಕು (1890ರ ಪಾಲಕರು ಮತ್ತು ಪಾಲಿತರ ಕಾಯ್ದೆ, ಕಲಂ 9). ಆದರೆ ನಡೆಯುತ್ತಿರುವ ಡಿವೋರ್ಸ್ ಕೇಸಿನೊಳಗೇ ವಿವಾಹ ಕಾಯ್ದೆ ಕಲಂ 26ರಡಿ ಅಪ್ಪ ಮಗುವನ್ನು ಕೇಳಬಹುದು, ಅದನ್ನೂ ಎದುರು ನೋಡಿ.

ತಾಯಂದಿರ ಕಡೆಯಿಂದ ಆಗುವ ತಪ್ಪು ಅಂದರೆ ಭೇಟಿಗೆ ಬಿಡದಿರುವುದು. ಅಪ್ಪನಿಂದ ಮಗುವಿಗೆ ಅಪಾಯ ಇಲ್ಲದಿದ್ದರೆ ತಿಂಗಳಿಗೆ ಎರಡು ಭಾನುವಾರ, ವಾರಕ್ಕೆರಡು ವಿಡಿಯೋ ಕಾಲ್ ಅಂತ ನೀವೇ ಬರೆದು ಮುಂದಿಡಿ. ಜಡ್ಜ್ ಚೇಂಬರಿನಲ್ಲಿ ಮಗುವನ್ನು ಮಾತಾಡಿಸಿದರೆ ಬಾಯಿಪಾಠ ಮಾಡಿಸಿದ ಉತ್ತರ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ.

ಹೊಡೆತ ಬಡಿತ ಇದ್ದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಮುಂದೆ ರಕ್ಷಣೆ, ವಾಸದ ಹಕ್ಕು, ಹಣ, ಮಗುವಿನ ತಾತ್ಕಾಲಿಕ ಸುಪರ್ದಿ ಒಟ್ಟಿಗೆ ಕೇಳಬಹುದು. ಸಹಾಯವಾಣಿ 181.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಲಾ? ಬೆಂಗಳೂರಿನ ಕೇಸ್ ಇಲ್ಲಿಗೆ ತರಿಸಬಹುದಾ? ಆದೇಶ ಆದಮೇಲೂ ಅವನು ಕೊಡದಿದ್ದರೆ?

ಕಪ್ಪುಕೋಟು

ರಾಜ್ಯದೊಳಗಿನ ವರ್ಗಾವಣೆಗೆ ಹೈಕೋರ್ಟಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಂ 24ರ ಅರ್ಜಿ. ಆರು ವರ್ಷದ ಮಗು, ಆದಾಯ ಇಲ್ಲ, ಜೊತೆಗೆ ಬರುವವರಿಲ್ಲ, ಶಿವಮೊಗ್ಗದಲ್ಲೂ ಕೇಸ್ ಇದೆ, ಇಷ್ಟನ್ನು ದಾಖಲೆ ಸಮೇತ ಹಾಕಿ. ಹಾಗಾಗಿ 144ರ ಅರ್ಜಿ ಮೊದಲು, ವರ್ಗಾವಣೆ ಆಮೇಲೆ. ತಡೆಯಾಜ್ಞೆ ಸಿಗುವ ತನಕ ಬೆಂಗಳೂರಿನ ತಾರೀಖು ಬಿಡಬೇಡಿ.

ಹಳೇಫೈಲು

ಕೊಡದಿದ್ದರೆ ಅದೇ ಕೋರ್ಟಿನಲ್ಲಿ ಬಾಕಿ ವಸೂಲಿ ಅರ್ಜಿ. ವಾರಂಟ್ ಆಗುತ್ತೆ, ಆಮೇಲೂ ಕಟ್ಟದಿದ್ದರೆ ಬಾಕಿ ಇರುವ ಪ್ರತಿ ತಿಂಗಳಿಗೆ ಗರಿಷ್ಠ ಒಂದು ತಿಂಗಳ ಜೈಲು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ. ಆದರೆ 144ರಲ್ಲಿ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಆ ತಿಂಗಳಿಗೆ ವಾರಂಟ್ ಇಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಹಣ ಬ್ಯಾಂಕ್ ಖಾತೆಗೇ ಬರಲಿ ಅಂತ ಆದೇಶದಲ್ಲೇ ಬರೆಸಿ, ಕೈಗೆ ಕೊಟ್ಟೆ ಅನ್ನೋ ಜಗಳ ತಪ್ಪುತ್ತೆ.

ಮುಂದೆ ರಾಜಿಗೆ ಬಂದರೆ ವಿವಾಹ ಕಾಯ್ದೆ ಕಲಂ 13ಬಿ, ಅಂದರೆ ಇಬ್ಬರೂ ಒಪ್ಪಿ ಕೇಳುವ ಡಿವೋರ್ಸ್. ಒಂದು ವರ್ಷ ಬೇರೆ ಇದ್ದಿರಬೇಕು, ಅದು ನಿಮಗಾಗಿದೆ. ಮೊದಲ ಹೆಜ್ಜೆಗೂ (ಜಂಟಿ ಅರ್ಜಿ) ಎರಡನೆಯದಕ್ಕೂ (ಒಪ್ಪಿಗೆ ಖಚಿತಪಡಿಸುವ ಹೇಳಿಕೆ) ನಡುವಿನ ಆರು ತಿಂಗಳನ್ನು ಕೋರ್ಟ್ ಸೂಕ್ತ ಪ್ರಕರಣದಲ್ಲಿ ಮನ್ನಾ ಮಾಡಬಹುದು (ಸುಪ್ರೀಂ ಕೋರ್ಟಿನ 2017ರ ತೀರ್ಪು). ಪೂರ್ತಿ ಮೊತ್ತದ ಡಿಡಿ ಕೋರ್ಟಿನಲ್ಲಿ ಕೈಗೆ ಬಂದಮೇಲೆ ಎರಡನೇ ಹೇಳಿಕೆ ಕೊಡಲಿ. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಒಡವೆ, ಪಾತ್ರೆ ಪಟ್ಟಿಯನ್ನು ರಾಜಿ ಅರ್ಜಿಗೇ ಲಗತ್ತಿಸಿ, ತೂಕ ಸಮೇತ.